ಗ್ರೀಕರ ಮೊಸರುಬಜ್ಜಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳ ಮನೆಗಳಲ್ಲಿ ಸೌತೆಕಾಯಿಯ ಮೊಸರುಬಜ್ಜಿಯನ್ನು ಅರಿಯದ ಹೆಣ್ಣುಮಕ್ಕಳಿಲ್ಲವಷ್ಟೆ. ಗ್ರೀಸ್ ದೇಶದಲ್ಲಿ ಇದಕ್ಕೊಂದು ಹತ್ತಿರದ ನಂಟುಂಟು, ಹೆಸರು ತ್ಸಾತ್ಸಿಕಿ. ತುರ್ಕರು ಇದನ್ನೇ ಹೋಲುವ ತಮ್ಮ ಬಜ್ಜಿಯನ್ನು ಜಾಜಿಕ್ ಎನ್ನುವರು. ಗ್ರೀಕರ ಹೆಸರೂ ಅಲ್ಲಿಂದಲೇ ಬಂದುದು.

ಎರಡಕ್ಕೂ ಇರುವ ಮುಖ್ಯ ಭೇದವು ನೀರಿನದು. ಅನ್ನದೊಡನೆ ಕಲಸುವ ನಮ್ಮ ಬಜ್ಜಿಯು ತುಸು ತೆಳ್ಳಗಾದರೂ ಬಾಧಕವಿಲ್ಲ. ಗ್ರೀಕರದಾದರೋ ರೊಟ್ಟಿಯ ಚೂರಿನಿಂದ ಅದ್ದಿ ತೆಗೆಯತಕ್ಕದ್ದು. ಮೊದಲ ಸಲ ನಾವು ಅತಿಥಿಗಳಿಗಾಗಿ ಇದನ್ನು ಮಾಡಿದಾಗ ಸೌತೆಕಾಯಿಯನ್ನೂ ಉಪ್ಪನ್ನೂ ಒಟ್ಟಿಗೇ ಮೊಸರಿಗೆ ಹಾಕಿಬಿಟ್ಟೆವು. ಅರ್ಧ ಗಂಟೆಯೊಳಗೆ ಬಟ್ಟಲಿನಲ್ಲಿ ಇದ್ದುದು ಮಜ್ಜಿಗೆಯೇ!

ಸೌತೆಕಾಯಿಯ ತೂಕದಲ್ಲಿ 100ಕ್ಕೆ ಸುಮಾರು 95 ಪಾಲು ನೀರು. ಉಪ್ಪು ಅದನ್ನು ಹೊರಕ್ಕೆ ಸೆಳೆಯುವುದು. ಆದುದರಿಂದ ತುರಿದ ಕಾಯಿಗೆ ಮೊದಲೇ ಅರ್ಧ ಚಮಚ ಉಪ್ಪು ಬೆರೆಸಿ, 20 ನಿಮಿಷ ಬಿಟ್ಟು, ಮುಷ್ಟಿಯಲ್ಲಿ ಚೆನ್ನಾಗಿ ಹಿಂಡಬೇಕು. ತುರಿಯುವ ಮುಂಚೆ ತೊಟ್ಟಿನ ಬದಿಯ ಚೂರೊಂದನ್ನು ರುಚಿನೋಡಿರಿ. ಬಹಳ ಕಹಿಯಾದರೆ ಕಾಯಿಯನ್ನೇ ಬಿಸುಡಿರಿ. ತೊಟ್ಟನ್ನು ಕೊಯ್ದು ಉಜ್ಜಿದರೆ ಕಹಿ ಹೋಗುವುದೆಂಬ ಹಿರಿಯರ ಮಾತನ್ನು ನಂಬಿ ನಾವು ಮೋಸಹೋದದ್ದುಂಟು.

ಇನ್ನು ಮೊಸರು. 1 ಲೀಟರ್ ಎಮ್ಮೆಯ ಹಾಲನ್ನು ಕಾಯಿಸಿ, ಬೆರಳು ತಾಳುವಷ್ಟು ಬೆಚ್ಚಗಾದಾಗ ಹೆಪ್ಪಿಡಿರಿ. ಮೊಸರು ಗಟ್ಟಿಯಾದ ಮೇಲೆ, ಕುದಿಸಿ ಒಣಗಿಸಿದ ತೆಳುಬಟ್ಟೆಯಲ್ಲಿ ಗಂಟುಕಟ್ಟಿ, ಜರಡಿಯ ಮೇಲಿರಿಸಿ, 4ರಿಂದ 6 ಗಂಟೆ ಶೀತಪೆಟ್ಟಿಗೆಯಲ್ಲಿ ಇಡಿರಿ. ಶ್ರೀಖಂಡಕ್ಕೆ ಮಾಡುವ ಕ್ರಮವೇ ಇದು. ಜಗಳೂರಿನ ಬೇಸಿಗೆಯಲ್ಲಿ ಗಂಟನ್ನು ಗೂಟಕ್ಕೆ ತೂಗಹಾಕಿದರೆ ನೀರು ಇಳಿಯುವುದರೊಳಗೆ ಹುಳಿಯು ಮಿತಿಮೀರುವುದು. ಯಾಕಂದರೆ ಸೆಕೆಯಲ್ಲಿ ಹೆಪ್ಪಿನ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತಲೇ ಇರುವುವು. ಕಡೆಗೆ ಮೊಸರು ಸುಮಾರು ಅರ್ಧದಷ್ಟಾಗಿ ಉಳಿಯುವುದು. ಇಳಿದ ತಿಳಿನೀರನ್ನು ಚೆಲ್ಲುವುದು ನಮಗೆ ಸೇರದು. ಚಪಾತಿಯ ಹಿಟ್ಟನ್ನು ಅದರಲ್ಲಿಯೇ ಕಲಸಬಹುದು. ಅಂಗಡಿಯ ಗ್ರೀಕ್ ಮೊಸರಿಗೆ ಹೆಚ್ಚು ಹಣ ತೆರುವ ತಾಯಂದಿರು ಡಬ್ಬಿಯ ಚೀಟಿಯನ್ನು ಓದಿನೋಡಲಿ: ಕೆಲವು ಬಗೆಗಳು ಸೋಸಿದವಲ್ಲ, ಹಾಲುಪುಡಿಯಿಂದ ಮಂದಮಾಡಿದವು.

ಗಟ್ಟಿಮೊಸರಿಗೆ ಹಿಂಡಿದ ಸೌತೆಕಾಯಿ, ಜಜ್ಜಿದ ಬೆಳ್ಳುಳ್ಳಿಯ ಒಂದು ಎಸಳು, ಒಂದು ಚಮಚ ನಿಂಬೆರಸ, ಎರಡು ಚಮಚ ಆಲಿವ್ ಎಣ್ಣೆ ಸೇರಿಸಿರಿ. ಒಗ್ಗರಣೆ ಬೇಡ. ಇದಕ್ಕೆ ಗ್ರೀಕರಲ್ಲಿ ಹಲವರು ಹಾಕುವ ಸೊಪ್ಪು ಯಾವುದೆಂದು ವಿಚಾರಿಸಿದರೆ ನಮ್ಮ ಸಂತೆಯ ಸಬ್ಬಸಿಗೆಯೇ! ಅದನ್ನು ಸಣ್ಣಗೆ ಹೆಚ್ಚಿ, ಒಂದು ಹಿಡಿ ಕೂಡಿಸಿರಿ. ಒಂದು ಗಂಟೆ ತಣ್ಣಗಿಟ್ಟು ಜೋಳದ ರೊಟ್ಟಿಯೊಡನೆ ಬಡಿಸಿರಿ. ಮಾರನೆಯ ದಿನಕ್ಕೆ ಉಳಿದರೆ ಬೆಳ್ಳುಳ್ಳಿಯ ಖಾರವು ಹೆಚ್ಚುವುದು. ಮಕ್ಕಳಿಗೆ ಮೊದಲ ದಿನದ್ದೇ ಲೇಸು.