ತಾಡೋಲೆಯಿಂದ ಹಾರ್ಡ್‌ಡಿಸ್ಕಿಗೆ

ತಾಡೋಲೆಯ ಅಕ್ಷರ ಬರೆದದ್ದಲ್ಲ, ಕೊರೆದದ್ದು. ಕಬ್ಬಿಣದ ಕಂಟದಿಂದ ಗೀರಿದ ಗೆರೆಗೆ ಮಸಿ ತುಂಬಿದ ಮೇಲಷ್ಟೇ ಅದು ಕಣ್ಣಿಗೆ ಬೀಳುತ್ತದೆ. ಕಾಲ ಕಳೆದು ಮಸಿ ಉದುರಿದರೆ ಗರಿ ಬರಿದಾಗಿ ಕಾಣುತ್ತದೆ, ಗೀರು ಮಾತ್ರ ಉಳಿದಿರುತ್ತದೆ. ಇಂಥದನ್ನು ಕಚೇರಿಯ ಸ್ಕ್ಯಾನರಿನ ಗಾಜಿಗೆ ಒತ್ತಿದರೆ ಸಿಗುವುದು ಕಂದು ಪಟ್ಟಿಯೊಂದರ ಚಿತ್ರ. ಒಣಗಿ ಬಾಗಿದ ಗರಿಯಾದರೆ ಸೀಳಿದರೂ ಸೀಳಿತು. ಹಸ್ತಪ್ರತಿ ಭಂಡಾರಗಳು ಹೊರಗಿನ ಪರಿಣತರನ್ನು ಕರೆಸುವುದು ಇದಕ್ಕೇ.

ಬಂದವರು ಮೊದಲು ಕ್ಯಾಮೆರಾ ಬಿಚ್ಚುವುದಿಲ್ಲ. ಮೆತ್ತನೆಯ ಕುಂಚದಿಂದ ದೂಳು ತೆಗೆದು, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಅಗತ್ಯವಿದ್ದರೆ ದೀಪದ ಮಸಿ ತಿಕ್ಕಿ ಒರೆಸುತ್ತಾರೆ. ಮಸಿ ಗೀರಿನಲ್ಲಿ ಕೂತು ಸಾಲುಗಳು ಮತ್ತೆ ಮೂಡುತ್ತವೆ. ಆಮೇಲೆ ಗರಿಯ ಪಕ್ಕದಲ್ಲಿ ಅಳತೆಪಟ್ಟಿ, ಬಣ್ಣದ ಕಾರ್ಡು ಇಟ್ಟು, ಓರೆಯಾಗಿ ಬೆಳಕು ಬಿಟ್ಟು ಮೇಲಿನಿಂದ ಚಿತ್ರ ತೆಗೆಯುತ್ತಾರೆ. 16 ಅಂಗುಲ ಉದ್ದ, ಒಂದೂವರೆ ಅಂಗುಲ ಅಗಲದ ಗರಿಯನ್ನು ಅಂಗುಲಕ್ಕೆ 600 ಚುಕ್ಕಿಯಂತೆ ಸೆರೆಹಿಡಿದರೆ, ಒತ್ತಿ ಕಿರಿದಾಗಿಸದ ಟಿಫ್ ಕಡತ ಸುಮಾರು 26 ಎಂಬಿ ಆಗುತ್ತದೆ. ಎರಡೂ ಬದಿ ಸೇರಿ 200 ಗರಿಗಳ ಕಟ್ಟಿಗೆ 10 ಜಿಬಿ ಮೀರುತ್ತದೆ. ಓದುಗರಿಗೆ ಕೊಡುವುದು ಇದರಿಂದ ಮಾಡಿದ ಸಣ್ಣ ಜೆಪೆಗ್ ಪ್ರತಿ. ಮೂಲ ಕಡತದ ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಬೇಕು.

ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ವಿವರಪಟ್ಟಿ ಇಲ್ಲದಿದ್ದರೆ ಅದು ಕಪಾಟಿನ ದೂಳಿನಿಂದ ಹಾರ್ಡ್‌ಡಿಸ್ಕಿನ ಕತ್ತಲೆಗೆ ಹೋದಂತೆಯೇ. ಕೌಟಿಲ್ಯನ ಅರ್ಥಶಾಸ್ತ್ರ 1905ರಲ್ಲಿ ಬೆಳಕಿಗೆ ಬಂದದ್ದು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ಓಲೆಕಟ್ಟೊಂದರಿಂದ. ಅದು ಏನೆಂದು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಲು ಆರ್. ಶಾಮಶಾಸ್ತ್ರಿಗಳಂಥ ಓದುಗರು ಅಲ್ಲಿದ್ದರು. ಕ್ಯಾಮೆರಾದವರಿಂದ ಆ ಕೆಲಸ ನಿರೀಕ್ಷಿಸುವಂತಿಲ್ಲ. ಕೃತಿ, ಲಿಪಿ, ಲಿಪಿಕಾರ, ಗರಿಗಳ ಸಂಖ್ಯೆ, ಮುಕ್ಕಾದ ಜಾಗ ಇವನ್ನೆಲ್ಲ ಭಂಡಾರದವರೇ ಬರೆದಿಟ್ಟು, ಕಡತದ ಹೆಸರಿಗೂ ಅದೇ ಕ್ರಮಸಂಖ್ಯೆ ಕೊಡಿಸಬೇಕು.

ಕರಾರಿನಲ್ಲೂ ಜಾಣತನ ಬೇಕು. ಚಿತ್ರಕ್ಕಿಷ್ಟು ಎಂದು ಕೂಲಿ ಕಟ್ಟಿದರೆ ಕೈ ಓಡುತ್ತದೆ, ಅಂಟಿಕೊಂಡ ಎರಡು ಗರಿ ಒಂದೇ ಚಿತ್ರವಾಗುತ್ತದೆ. ಹಾಗಾಗಿ ಕಟ್ಟುಗಳು ಕಟ್ಟಡ ದಾಟಕೂಡದು, ಮಸುಕಾದದ್ದನ್ನು ಮತ್ತೆ ತೆಗೆದುಕೊಡಬೇಕು, ಚಿತ್ರಗಳ ಹಕ್ಕು ಭಂಡಾರದ್ದೇ ಎಂದು ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಕೆಲಸ ಮುಗಿದ ಕಟ್ಟನ್ನು ಒಪ್ಪಿಸಿಕೊಳ್ಳುವಾಗ ಗರಿಗಳನ್ನು ಮತ್ತೆ ಎಣಿಸಿ, ತೂತಿಗೆ ದಾರ ಪೋಣಿಸಿ, ಮರದ ಹಲಗೆಗಳ ನಡುವೆ ಇಟ್ಟು ಬಟ್ಟೆ ಸುತ್ತುತ್ತಾರೆ.