ಪುರಸ್ಕಾರಕ್ಕೆ ಒರೆಗಲ್ಲು

‘ಪುರಸ್ಕಾರ’ವೆಂದರೆ ಮುಂದೆ ನಿಲ್ಲಿಸುವುದೆಂದು ಶಬ್ದಾರ್ಥ. ಒಬ್ಬರನ್ನು ಮುಂದೆ ನಿಲ್ಲಿಸಿದೊಡನೆ ಮಿಕ್ಕವರು ತಾವಾಗಿಯೇ ಹಿಂದಾಗುವರು. ಆದುದರಿಂದ ಕಾರ್ಯಾಲಯ, ಕಾರ್ಖಾನೆ, ಪಾಠಶಾಲೆಗಳಲ್ಲಿ ವರ್ಷಕ್ಕೊಮ್ಮೆ ಉತ್ತಮ ನೌಕರರನ್ನಾರಿಸಿ ಹಾರ ಹಾಕುವವರು, ಹಾರ ಬೀಳದ ಕೊರಳುಗಳನ್ನೂ ನೆನೆಯಬೇಕು. ಆ ಸಂಜೆ ಮನೆಗೆ ಹೋದವರನ್ನು ಮಡದಿಮಕ್ಕಳು “ನಿಮಗೇಕೆ ಬರಲಿಲ್ಲ?” ಎಂದು ಕೇಳಿದರೆ, ಹೇಳುವುದಕ್ಕೊಂದು ಮರ್ಯಾದೆಯ ಉತ್ತರವಿರಬೇಡವೇ?

ನಾನು ಬಲ್ಲದ್ದು ಉಪಾಧ್ಯಾಯವೃತ್ತಿ. ಅಲ್ಲಿಯ ನಿದರ್ಶನಗಳನ್ನೇ ಕೊಡುವೆನು. ಇಂಗ್ಲೆಂಡಿನಲ್ಲಿ 1862ರಲ್ಲಿ, ರಾಬರ್ಟ್ ಲೋ ಎಂಬವನ ಆಡಳಿತದಲ್ಲಿ, ಶಾಲೆಗಳಿಗೆ ಕೊಡುವ ಸರ್ಕಾರಿ ಹಣವನ್ನು ಮಕ್ಕಳ ಹಾಜರಿಗೂ ಓದು, ಬರಹ, ಲೆಕ್ಕಗಳ ಪರೀಕ್ಷಾಫಲಕ್ಕೂ ಗಂಟುಹಾಕಿದರು. ಮಗುವು ಒಂದು ವಿಷಯದಲ್ಲಿ ತಪ್ಪಿದರೆ 2 ಷಿಲ್ಲಿಂಗ್ 8 ಪೆನ್ನಿ ಖೋತಾ. ಮೇಲುನೋಟಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಅಳತೆಯಿಲ್ಲ. ಆದರೆ ಆದುದೇನು? ಇನ್‌ಸ್ಪೆಕ್ಟರರು ಬರುವ ದಿನಕ್ಕಾಗಿ ಮಕ್ಕಳು ವಾಚನಪುಸ್ತಕವನ್ನೇ ಉರುಹಚ್ಚಿದರು. ಇತಿಹಾಸ ಭೂಗೋಳಗಳು ಮೂಲೆಗೆ ಸರಿದುವು. ಸ್ವತಃ ಇನ್‌ಸ್ಪೆಕ್ಟರನಾಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡನು ಈ ಪದ್ಧತಿಯನ್ನು ಬಲವಾಗಿ ಖಂಡಿಸಿದನು. ಆ ಶತಮಾನ ಮುಗಿಯುವುದರೊಳಗೆ ಅದು ಬಿದ್ದುಹೋಯಿತು.

ಅದು ಹಣದ ಮಾತು, ಸನ್ಮಾನದ್ದಲ್ಲವೆನ್ನಬಹುದು. ನಾನು ಕೆಲವು ಕಾಲ ಸೇವೆಯಲ್ಲಿದ್ದ ಒಂದು ಪ್ರೌಢಶಾಲೆಯಲ್ಲಿ ಸನ್ಮಾನಕ್ಕೂ ಅದೇ ಅಳತೆ: ಹತ್ತನೆಯ ತರಗತಿಯ ಫಲಿತಾಂಶ ನೂರಕ್ಕೆಷ್ಟು? ಜಾಣಮಕ್ಕಳನ್ನೆಲ್ಲ ಆಯ್ದಿಟ್ಟ ‘ಎ’ ವಿಭಾಗದ ಉಪಾಧ್ಯಾಯರಿಗೆ ಪ್ರತಿವರ್ಷವೂ ಶಾಲು. ‘ಸಿ’ ವಿಭಾಗದವರು, ಭಾಗಾಕಾರವೂ ಬಾರದ 30 ಹುಡುಗರನ್ನು ಪಡೆದು, ಅವರಲ್ಲಿ 20 ಮಂದಿಯನ್ನು ದಡ ಸೇರಿಸಿದರು. ಅವರಿಗೆ ಬಂದದ್ದು ಸಮಜಾಯಿಷಿ ಕೇಳುವ ಪತ್ರ! ಎಲ್ಲಿಗೆ ಮುಟ್ಟಿದರೆಂಬುದನ್ನಷ್ಟೇ ನೋಡಿದರೆ ಸಾಲದು. ಎಲ್ಲಿಂದ ಹೊರಟರೆಂಬುದನ್ನೂ ನೋಡತಕ್ಕದ್ದು.

1958ರಲ್ಲಿ ಆರಂಭವಾದ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿಯ ನಿಯಮಗಳು 2018ರಲ್ಲಿ ಬದಲಾದುವು. ಅಲ್ಲಿಯವರೆಗೆ ರಾಜ್ಯ ಸರ್ಕಾರಗಳು ಹೆಸರುಗಳನ್ನು ಕಳುಹಿಸುತ್ತಿದ್ದುವು. ಆ ವರ್ಷದಿಂದ ಉಪಾಧ್ಯಾಯರು ತಾವೇ ಅರ್ಜಿ ಹಾಕಬಹುದಾಯಿತು. ಮೇಲಧಿಕಾರಿಯ ದಾಕ್ಷಿಣ್ಯ ಬೇಕಿಲ್ಲವೆಂಬುದು ದೊಡ್ಡ ಲಾಭವೇ ಸರಿ. ಆದರೆ ತನ್ನ ಗುಣವನ್ನು ತಾನೇ ಬಣ್ಣಿಸಿಕೊಳ್ಳುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. (ನನ್ನ ತಲೆಮಾರಿನವರಿಗಂತೂ ನಾಲಿಗೆಯೇ ಏಳದು.) ನಮ್ಮ ಸಣ್ಣ ಸಂಸ್ಥೆಗಳಲ್ಲಿ ಸಹೋದ್ಯೋಗಿಗಳು ಮತ್ತೊಬ್ಬರ ಹೆಸರನ್ನು ಸೂಚಿಸುವುದಕ್ಕೂ ಅವಕಾಶವಿದ್ದರೆ, ಸಂಕೋಚದ ಜೀವಗಳು ತಪ್ಪಿಹೋಗುವುದಿಲ್ಲ.

ಇನ್ನು ಹಾಜರಿಯ ವಿಷಯ. ಒಂದು ದಿನವೂ ತಪ್ಪದೆ ಬಂದವರಿಗೆ ಬಹುಮಾನವೆಂಬುದು ಅನೇಕ ಕಡೆ ರೂಢಿ. ಸರಿಯೇ, ಆದರೆ ಬಾಣಂತಿಯ ಗತಿಯೇನು? 2017ರ ತಿದ್ದುಪಡಿಯಿಂದ ಹೆರಿಗೆ ಸೌಲಭ್ಯ ಕಾಯಿದೆಯು ಮೊದಲೆರಡು ಮಕ್ಕಳಿಗೆ 26 ವಾರಗಳ ರಜೆಯನ್ನು ವಿಧಿಸಿತು. ಕಾಯಿದೆ ಒಂದು ಕೈಯಿಂದ ಕೊಟ್ಟುದನ್ನು ಬಹುಮಾನದ ಸಮಿತಿಯು ಇನ್ನೊಂದು ಕೈಯಿಂದ ಕಿತ್ತುಕೊಳ್ಳುವುದು ನ್ಯಾಯವಲ್ಲ. ಹೆರಿಗೆಯ ರಜೆ, ಆಸ್ಪತ್ರೆಯ ರಜೆಗಳನ್ನು ಲೆಕ್ಕದಿಂದಲೇ ಬಿಟ್ಟು, ಕೆಲಸದಲ್ಲಿದ್ದ ದಿನಗಳ ಕೆಲಸವನ್ನು ಮಾತ್ರ ತೂಗಲಿ.

ಒರೆಗಲ್ಲು ಯಾವುದೇ ಇರಲಿ, ವರ್ಷಾರಂಭದಲ್ಲಿಯೇ ಅದನ್ನು ಬರೆದು ಗೋಡೆಗೆ ಅಂಟಿಸಬೇಕು. ಹಾರ ತಂದ ಮೇಲೆ ಕೊರಳನ್ನು ನೋಡಿ ನಿಯಮ ಬರೆಯುವುದುಂಟು. ಆರಿಸುವವರಲ್ಲಿ ಒಬ್ಬರಾದರೂ ಹೊರಗಿನವರಾಗಿರಲಿ. ಕೇಳಿದ ನೌಕರನಿಗೆ ಅವನ ಅಂಕಗಳನ್ನು ತೋರಿಸಲಿ.