ವಾರಕ್ಕೆ 550 ಡಾಲರ್‌ನ ಬೋಗಾರ್ಟ್

ವಾರಕ್ಕೆ 550 ಡಾಲರ್, 26 ವಾರದ ಕರಾರು. ಒಟ್ಟು 14,300 ಡಾಲರ್. ‘ದಿ ಪೆಟ್ರಿಫೈಡ್ ಫಾರೆಸ್ಟ್’ ಚಿತ್ರದ ಬೆನ್ನಿಗೇ ವಾರ್ನರ್ ಬ್ರದರ್ಸ್ ಸ್ಟುಡಿಯೋ ನಟ ಹಂಫ್ರಿ ಬೋಗಾರ್ಟ್‌ಗೆ ಕಟ್ಟಿದ ಬೆಲೆ ಇದು. ಆಗ ಆತನಿಗೆ 36 ವರ್ಷ. ಅದೇ ಕಥೆ ನಾಟಕವಾಗಿ 1935ರಲ್ಲಿ ಬ್ರಾಡ್‌ವೇಯಲ್ಲಿ 197 ಪ್ರದರ್ಶನ ಕಂಡಿದ್ದಾಗಲೂ ಕೊಲೆಗಡುಕನ ಪಾತ್ರ ಮಾಡಿದ್ದವನು ಆತನೇ. ಆದರೂ ಸಿನಿಮಾಕ್ಕೆ ಸ್ಟುಡಿಯೋ ಎಡ್ವರ್ಡ್ ಜಿ. ರಾಬಿನ್ಸನ್‌ನನ್ನು ಬಯಸಿತ್ತು. ನಾಯಕ ಲೆಸ್ಲಿ ಹೊವಾರ್ಡ್ ಪಟ್ಟು ಹಿಡಿದದ್ದರಿಂದ ಪಾತ್ರ ಉಳಿಯಿತು. ಬೋಗಾರ್ಟ್ ಆ ಋಣ ಮರೆಯಲಿಲ್ಲ. 1952ರಲ್ಲಿ ಹುಟ್ಟಿದ ಮಗಳಿಗೆ ಲೆಸ್ಲಿ ಎಂದೇ ಹೆಸರಿಟ್ಟ.

ಆಮೇಲಿನದು ದುಡಿಮೆಯ ಲೆಕ್ಕ. 1936ರಿಂದ 1940ರವರೆಗಿನ ಐದು ವರ್ಷಗಳಲ್ಲಿ 29 ಚಿತ್ರ. 1937 ಒಂದರಲ್ಲೇ ಏಳು. ಹೆಚ್ಚಿನವುಗಳಲ್ಲಿ ಆತ ರೌಡಿ, ಇಲ್ಲವೇ ಕೈದಿ. ಮೊದಲ 34 ಚಿತ್ರಗಳ ಪೈಕಿ 12ರಲ್ಲಿ ಗುಂಡೇಟು, 8ರಲ್ಲಿ ನೇಣು ಅಥವಾ ವಿದ್ಯುತ್ ಕುರ್ಚಿ ಎಂಬುದು ಬೋಗಾರ್ಟ್ ತಾನೇ ಹೇಳಿಕೊಂಡ ಲೆಕ್ಕ. ಮುಂದೆ ಜಗತ್ತು ಮೆಚ್ಚಿದ ಆ ದಣಿದ ಕಣ್ಣು, ಬಿಗಿದ ತುಟಿಗಳು ಪಳಗಿದ್ದು ಇಲ್ಲೇ ಎಂದು ನನ್ನ ನಂಬಿಕೆ.

1941ರ ‘ದಿ ಮಾಲ್ಟೀಸ್ ಫಾಲ್ಕನ್’ ನಟ ಜಾರ್ಜ್ ರಾಫ್ಟ್ ಬೇಡವೆಂದದ್ದರಿಂದ ಬೋಗಾರ್ಟ್‌ಗೆ ಸಿಕ್ಕ ಚಿತ್ರ. ನಿರ್ದೇಶಕ ಜಾನ್ ಹಸ್ಟನ್‌ಗೆ ಅದೇ ಮೊದಲನೆಯದು. ಖರ್ಚು 4 ಲಕ್ಷ ಡಾಲರ್‌ಗೂ ಕಡಿಮೆ.

ಮರುವರ್ಷದ ‘ಕಾಸಾಬ್ಲಾಂಕಾ’ದ ಖರ್ಚಿನ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಒಟ್ಟು ವೆಚ್ಚ ಸುಮಾರು 10 ಲಕ್ಷ 39 ಸಾವಿರ ಡಾಲರ್. ರಂಗವೇರದ ಒಂದು ನಾಟಕದ ಹಕ್ಕಿಗೆ 20,000. ನಿರ್ದೇಶಕ ಮೈಕೆಲ್ ಕರ್ಟಿಜ್‌ಗೆ 73,400. ಬೋಗಾರ್ಟ್‌ಗೆ 36,667, ಅಂದರೆ ನಿರ್ದೇಶಕನ ಅರ್ಧ, ಒಟ್ಟು ವೆಚ್ಚದ ಶೇ 3.5. ಪಿಯಾನೋ ಮುಂದೆ ಕೂತು ಚಿತ್ರಕ್ಕೆ ಜೀವ ತುಂಬಿದ ಡೂಲಿ ವಿಲ್ಸನ್‌ನನ್ನು ಪ್ಯಾರಾಮೌಂಟ್‌ನಿಂದ ವಾರಕ್ಕೆ 500 ಡಾಲರ್‌ಗೆ ಎರವಲು ತಂದರು. ಆತನ ಕೈಗೆ ಬಂದದ್ದು 350, ಮಿಕ್ಕದ್ದು ಆ ಸ್ಟುಡಿಯೋಗೆ. ಈ ಸಾಲು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಮೆರಿಕದ ಮೊದಲ ಸುತ್ತಿನಲ್ಲೇ ಚಿತ್ರಕ್ಕೆ ಬಂದ ಹಣ ಸುಮಾರು 37 ಲಕ್ಷ ಡಾಲರ್. ಎಂಟು ಆಸ್ಕರ್ ನಾಮನಿರ್ದೇಶನಗಳಲ್ಲಿ ಮೂರು ಗೆದ್ದಿತು. ನಟನ ಪ್ರಶಸ್ತಿ ಮಾತ್ರ ಬೋಗಾರ್ಟ್‌ಗೆ ದಕ್ಕಲಿಲ್ಲ. ಅದು ಸಿಕ್ಕಿದ್ದು 1952ರಲ್ಲಿ, ‘ದಿ ಆಫ್ರಿಕನ್ ಕ್ವೀನ್’ಗೆ.

ದುಡ್ಡು ಅದಕ್ಕೂ ಮೊದಲೇ ಬಂತು. 1946ರ ಹೊಸ ಕರಾರು 15 ವರ್ಷದ್ದು, ಚಿತ್ರಕ್ಕೆ 2 ಲಕ್ಷ ಡಾಲರ್. ಆ ವರ್ಷದ ಗಳಿಕೆ 4,67,361 ಡಾಲರ್. ಹಾಲಿವುಡ್‌ನಲ್ಲಿ ಅತಿ ಹೆಚ್ಚು ಗಳಿಸಿದ ನಟ ಆತನೇ. ಇದನ್ನು ಅನುಭವಿಸಲು ಉಳಿದಿದ್ದದ್ದು ಹತ್ತೇ ವರ್ಷ. ಅನ್ನನಾಳದ ಕ್ಯಾನ್ಸರ್‌ನಿಂದ 1957ರ ಜನವರಿ 14ರಂದು ತೀರಿಕೊಂಡಾಗ ವಯಸ್ಸು 57.

2013ರ ಹರಾಜಿನಲ್ಲಿ ‘ಮಾಲ್ಟೀಸ್ ಫಾಲ್ಕನ್’ ಚಿತ್ರದಲ್ಲಿ ಬಳಸಿದ ಸೀಸದ ಗಿಡುಗದ ಪ್ರತಿಮೆಯ ಬೆಲೆ 40 ಲಕ್ಷ ಡಾಲರ್ ದಾಟಿತು. ಇಡೀ ಚಿತ್ರದ ಖರ್ಚಿನ ಹತ್ತು ಪಟ್ಟು!

ಬೋಗಾರ್ಟ್‌ನನ್ನು ಹೊಸದಾಗಿ ನೋಡಲು ಕೂರುವವರಿಗೆ ಒಂದು ಮಾತು: ‘ಕಾಸಾಬ್ಲಾಂಕಾ’ದಿಂದ ಶುರು ಮಾಡಬೇಡಿ. ಮೊದಲು 1939ರ ‘ದಿ ರೋರಿಂಗ್ ಟ್ವೆಂಟೀಸ್’ ನೋಡಿ, ವಾರದ ಸಂಬಳಕ್ಕೆ ಆತ ಎಷ್ಟು ದುಡಿದನೆಂಬುದು ತಿಳಿಯುತ್ತದೆ.